ಇಪ್ಪತ್ತೊಂದು ಹೊಲಿಗೆಯೂ ಒಂದು ಚಮಚ ತೆಂಗಿನೆಣ್ಣೆಯೂ

ನೈಟಿಯ ಕಂಕುಳಲ್ಲಿ ಮೂರು ಇಂಚು ಹೊಲಿಗೆ ಬಿಟ್ಟಿದೆ. ಕೆಲಸ ಎರಡು ನಿಮಿಷದ್ದು. ಆದರೆ ಪೇಟೆಯ ಟೈಲರಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ನೋಡಿದ ಹಾಗೆ ನೋಡಿ, "ಮದುವೆ ಸೀಸನ್ ಅಲ್ವಾ ಅಕ್ಕ, ಷಷ್ಠಿ ಕಳೆಯಲಿ" ಎಂದು ವಾಪಸು ಕೊಡುತ್ತಾನೆ. ಯಾವ ವರ್ಷದ ಷಷ್ಠಿ ಎಂದು ಹೇಳುವುದಿಲ್ಲ. ಕಾಸರಗೋಡಿನ ಕಡೆ ಮನೆಗೊಂದು ಹೊಲಿಗೆ ಮಿಷನ್ ಬರುವುದು ಸಾಧಾರಣವಾಗಿ ಹೀಗೆಯೇ. ಅಗತ್ಯಕ್ಕಿಂತ ಹೆಚ್ಚಾಗಿ ಹಠಕ್ಕೆ.

ಹಠ ಬಂದ ರಾತ್ರಿ ಮೊಬೈಲ್ ತೆಗೆದರೆ ಮೊದಲು ಕಾಣುವುದು ಸ್ಟೇಪ್ಲರ್‌ನಂಥ ಕೈಮಿಷನ್. ಅಂಗೈಯಲ್ಲಿ ಹಿಡಿದು ಒತ್ತಿದರೆ ಕಿಟಕಿಯ ಪರದೆ ಇದ್ದಲ್ಲೇ ಹೊಲಿದುಹೋಗುತ್ತದೆ, ವಿಡಿಯೋದಲ್ಲಿ. ಅದಕ್ಕೆ ಬಾಬಿನ್, ಅಂದರೆ ಅಡಿಯ ನೂಲು ಸುತ್ತುವ ಪುಟ್ಟ ಉರುಳೆ, ಇಲ್ಲ. ಒಂದೇ ನೂಲು, ಸರಪಳಿ ಹೊಲಿಗೆ. ಅಕ್ಕಿ ಗೋಣಿಯ ಬಾಯಿಯ ನೂಲನ್ನು ಸರಿಯಾದ ತುದಿಯಿಂದ ಎಳೆದರೆ ಸರ್ರನೆ ಬಿಚ್ಚಿಬರುತ್ತದಲ್ಲ, ಅದೇ ಜಾತಿ. ಕೊನೆಯಲ್ಲಿ ಗಂಟು ಹಾಕಲು ಮರೆತರೆ, ಲಂಗದ ನೂಲಿನ ತುದಿ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡ ದಿನ ಲಂಗ ಒಂದು ಕಡೆ, ಮರ್ಯಾದೆ ಇನ್ನೊಂದು ಕಡೆ. ಅದರ ಮೇಲಿನ ಮೆಟ್ಟಿಲು ಬ್ಯಾಟರಿಯ ಮಿನಿ ಮಿಷನ್, ಒಳಗೆ ಪ್ಲಾಸ್ಟಿಕ್ ಗೇರು. ಗೊಂಬೆಯ ಫ್ರಾಕು ಹೊಲಿಯಬಹುದು. ಜೀನ್ಸಿನ ಕಾಲು ಕೊಟ್ಟರೆ ಅದು ಕುಯ್ಯೋ ಎನ್ನುತ್ತದೆ, ಹೊಲಿಯುವುದಿಲ್ಲ. ಎರಡಕ್ಕೂ ಹಾಕುವ ದುಡ್ಡನ್ನು ಟೈಲರಣ್ಣನಿಗೆ ಕೊಟ್ಟರೆ ಷಷ್ಠಿಗೆ ಮೊದಲೇ ಕೆಲಸವಾದೀತು.

ಇನ್ನು ಅಂಗಡಿ. ಓಣಂ ಆಫರಿನ ದಿನಗಳಲ್ಲಿ ಹೋದರೆ ಸೇಲ್ಸಿನ ಹುಡುಗ ಬಿಳಿ ಮಿಷನಿನ ಮುಂದೆ ನಿಲ್ಲಿಸಿ, "ಅಕ್ಕಾ, ಇದರಲ್ಲಿ ಇಪ್ಪತ್ತೊಂದು ಹೊಲಿಗೆ ಉಂಟು" ಎನ್ನುತ್ತಾನೆ. ಎಲೆ ಉಂಟು, ಬಳ್ಳಿ ಉಂಟು, ಜೇನುಗೂಡು ಉಂಟು. ಮನೆಗೆ ಬೇಕಾದದ್ದು ಮೂರು. ನೇರ ಹೊಲಿಗೆ, ಅಂಚಿನ ನೂಲು ಬಿಡದಿರಲು ಮತ್ತು ಎಳೆದರೆ ಹಿಗ್ಗುವ ಟೀಶರ್ಟ್ ಬಟ್ಟೆಗೆ ಜಿಗ್‌ಜಾಗ್, ಗುಬ್ಬಿಯ ಅಂದರೆ ಬಟನಿನ ಕಾಜ. ಉಳಿದ ಹದಿನೆಂಟನ್ನು ತಂದ ಮೊದಲ ಭಾನುವಾರ ಒಂದು ಹಳೇ ಬೈರಾಸಿನ (ಟವೆಲಿನ) ಮೇಲೆ ಸಾಲಾಗಿ ಹೊಲಿದು ಎಲ್ಲರಿಗೂ ತೋರಿಸುತ್ತಾರೆ. ಆಮೇಲೆ ಆ ಡಯಲ್ ತಿರುಗುವುದು ಪುಟ್ಟ ಮಕ್ಕಳು ಬಂದಾಗ ಮಾತ್ರ.

ಆ ಹುಡುಗ ಹೊಲಿದು ತೋರಿಸುವ ಬಟ್ಟೆಯನ್ನು ಸ್ವಲ್ಪ ಗಮನಿಸಬೇಕು. ಬಿಳಿ, ದಪ್ಪ, ಗಂಜಿ ಹಾಕಿದ ಹತ್ತಿ, ಎರಡೇ ಪದರ. ಅದರ ಮೇಲೆ ಕುಂಟು ಮಿಷನೂ ಭರತನಾಟ್ಯ ಮಾಡುತ್ತದೆ. ಹಾಗಾಗಿ ನಿಮ್ಮ ಚೀಲದಲ್ಲಿ ನಿಮ್ಮದೇ ತುಂಡುಗಳಿರಲಿ: ಜಾರುವ ನೈಲಾನ್ ಸೀರೆಯದ್ದು, ಹಳೇ ಬೈರಾಸಿನದ್ದು, ಮಡಿಸಿದ ಜೀನ್ಸಿನ ಕಾಲು. ಜೀನ್ಸಿನಲ್ಲಿ ಬದಿಯ ಹೊಲಿಗೆಯೂ ಕೆಳಗಿನ ಮಡಿಕೆಯೂ ಸೇರುವಲ್ಲಿ ಏಳೆಂಟು ಪದರ ಆಗುತ್ತದೆ. ಆ ಗುಡ್ಡ ಹತ್ತಿ ಇಳಿಯುವಾಗ ಮಿಷನ್ ನಿಂತರೆ, ಸೂಜಿ ಬಗ್ಗಿದರೆ, ಹೊಲಿಗೆ ಹಾರಿದರೆ ಹುಡುಗನ ಮುಖ ನೋಡಿ. ಹದಿನಾರನೇ ನಂಬರಿನ ಸೂಜಿ ಹಾಕಿ ನೋಡಬೇಕು ಎಂಬುದು ನ್ಯಾಯ; ರವಕೆಯ ಹತ್ತಿ ಬಟ್ಟೆಗೆ ಹದಿನಾಲ್ಕು, ತೆಳು ರೇಷ್ಮೆಗೆ ಹನ್ನೊಂದು ಸಾಕು. ಇನ್ನೊಂದು ಪರೀಕ್ಷೆಗೆ ನೂಲೇ ಬೇಡ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯನ್ನು ಬಟ್ಟೆ ಒತ್ತಿಹಿಡಿಯುವ ಫೂಟಿನಡಿ ಇಟ್ಟು ಗೆರೆಯ ಮೇಲೆ ಓಡಿಸಿ, ಹಾಗೆಯೇ ರಿವರ್ಸ್ ಒತ್ತಿ ಹಿಂದೆ ಬನ್ನಿ. ಹೋದ ತೂತುಗಳಲ್ಲೇ ವಾಪಸು ಬಂದರೆ ಒಳ್ಳೆಯ ಜಾತಕ.

ಮಂಗಳೂರಲ್ಲಿ ಸಾವಿರ ರೂಪಾಯಿ ಕಡಿಮೆ ಎಂದು ಐವತ್ತು ಕಿಲೋಮೀಟರ್ ಹೋಗುವವರಿದ್ದಾರೆ. ಹೋಗಲಿ. ಮಿಷನ್ ಕೆಟ್ಟ ದಿನ ಫೋನ್ ಮಾಡಿದರೆ ಆಚೆಯವರು "ನಿಮ್ಮದು ಕೇರಳ ಅಲ್ವಾ" ಎನ್ನುತ್ತಾರೆ, ಈಚೆಯವರು "ಬಿಲ್ಲು ಕರ್ನಾಟಕದ್ದಲ್ವಾ" ಎನ್ನುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರಿನಿಂದ ಕೇಳಿ ಅಭ್ಯಾಸವಾದ ಉತ್ತರವೇ ಆದ್ದರಿಂದ ಮನುಷ್ಯರಿಗೆ ಬೇಸರವಿಲ್ಲ. ಪಾಪದ ಮಿಷನ್ ಮಾತ್ರ ಬೆಡ್‌ಶೀಟು ಸುತ್ತಿಕೊಂಡು, ಯಾರದೋ ಮಡಿಲಲ್ಲಿ ಕೂತು, ಬಸ್ಸಿನಲ್ಲಿ ಗಡಿಯ ತಲಪಾಡಿ ದಾಟಿ ದಾಟಿ ಸವೆಯುತ್ತದೆ. ಜತೆಗೆ ಕೊಟ್ಟ ಪುಸ್ತಕದಲ್ಲಿ ಇಂಗ್ಲಿಷ್ ಉಂಟು, ಹಿಂದಿ ಉಂಟು. ಸಪ್ತಭಾಷೆಯ ನಾಡಿನ ಭಾಷೆಗಳೆಲ್ಲ ರಿಪೇರಿಯವನ ಬಾಯಲ್ಲಿ.

ಹಾಗಾಗಿ ಕಡಿಮೆ ದುಡ್ಡಿಗೆ ತುಂಬ ಕಾಲ ಬಾಳಬೇಕೆಂದರೆ ಆ ಹಳೇ ಕಪ್ಪು ಮಿಷನ್ನೇ. ನೇರ ಹೊಲಿಗೆ ಮಾತ್ರ, ಬೀಡುಕಬ್ಬಿಣದ ಮೈ, ಕಾಲಿನ ಸ್ಟ್ಯಾಂಡು. ಹತ್ತು ಸಾವಿರದ ಆಸುಪಾಸಿನಲ್ಲಿ ಮರದ ಹಲಗೆ ಸಮೇತ ಮನೆಗೆ ಬರುತ್ತದೆ. ಉಷಾ ಆಗಲಿ, ಸಿಂಗರ್ ಆಗಲಿ, ಲುಧಿಯಾನದಲ್ಲಿ ಜೋಡಿಸಿದ ಯಾವುದೋ ಹೆಸರಾಗಲಿ, ಬಾಬಿನ್ನು, ಬಾಬಿನ್ ಕೇಸು, ಸೂಜಿ, ಬೆಲ್ಟು ಕುಂಬಳೆಯಲ್ಲೂ ಸಿಗುತ್ತವೆ, ಬದಿಯಡ್ಕದಲ್ಲೂ ಸಿಗುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಕಾಲು ಇದ್ದೇ ಇದೆ. ಕಾಲು ನೋಯುವವರಿಗೆ 1/12 ಎಚ್‌ಪಿಯ ಪುಟ್ಟ ಮೋಟಾರು ಕೂರಿಸಬಹುದು. ಯಂತ್ರವೆಂದರೆ ಮೂಗು ಮುರಿಯುತ್ತಿದ್ದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಮಿಷನಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿ ಇದೆ ಎಂಬುದು ಅವರ ಮಾತು. 1851ರಲ್ಲಿ ಪೇಟೆಂಟ್ ಪಡೆದ ಆ ಮಹಾರಾಯನಿಗೆ ಒಂದಕ್ಕಿಂತ ಹೆಚ್ಚು ಸಂಸಾರಗಳೂ ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳೂ ಇದ್ದರು. ಯಾವ ಮನೆಯ ಹೆಂಡತಿಗೆ ಮರುಗಿದನೋ ಗೊತ್ತಿಲ್ಲ. ಅಷ್ಟು ಮಕ್ಕಳ ಚಡ್ಡಿ ಹೊಲಿಯಲು ಮಿಷನ್ ಬೇಕೇ ಬೇಕಿತ್ತು.

ಇಷ್ಟೆಲ್ಲ ನೋಡಿ ತಂದ ಮಿಷನಿಗೆ ಮನೆಯೊಳಗೆ ಒಬ್ಬ ಶತ್ರು ಕಾದಿರುತ್ತಾರೆ. ಎಣ್ಣೆ ಮಾವ.

ಎಣ್ಣೆ ಮಾವ ಇಲ್ಲದ ಮನೆ ನಮ್ಮ ಕಡೆ ಇಲ್ಲ. ಹೊಲಿಗೆಗೂ ಅವರಿಗೂ ಸಂಬಂಧವಿಲ್ಲ. ಅವರ ಅಂಗಿಯ ಎರಡನೇ ಗುಬ್ಬಿ ಇರುವ ಜಾಗದಲ್ಲಿ ಸೇಫ್ಟಿ ಪಿನ್ನಿದೆ. ಆದರೆ ಮಿಷನ್ ಒಂದು ಸಲ ಕಟಕ್ ಎಂದರೆ ಸಾಕು, ಚಾವಡಿಯಿಂದ ಧ್ವನಿ ಬರುತ್ತದೆ: "ಎಣ್ಣೆ ಬಿಟ್ಟಿದ್ದೀರಾ?" ಅವರ ಹಿಂದೆಯೇ ತೆಂಗಿನೆಣ್ಣೆಯ ಬಾಟ್ಲಿ. ತೆಂಗಿನ ಸಂಶೋಧನೆ ನಡೆಸುವ ಒಂದು ಕೇಂದ್ರ ಸಂಸ್ಥೆ ಇರುವ ಊರು ನಮ್ಮದು, ನಂಬಿಕೆ ಸುಮ್ಮನೆ ಬರುವುದಿಲ್ಲ. ತಲೆಗೆ ಅದೇ, ಮಂಡಿಗೆ ಅದೇ, ಬಾಗಿಲ ತಿರುಗಣೆಗೆ ಅದೇ, ಹಲಸು ಕೊಯ್ಯುವ ಮೊದಲು ಕೈಗೆ ಅದೇ. ಹಲಸಿನ ಮೇಣವನ್ನೇ ಬಿಡಿಸುವ ಎಣ್ಣೆಗೆ ಮಿಷನ್ ಯಾವ ಲೆಕ್ಕ?

ಮೊದಲ ದಿನ ಮಾವ ಗೆಲ್ಲುತ್ತಾರೆ. ಒಂದೊಂದು ತೂತಿಗೆ ಒಂದೊಂದು ಚಮಚ. ಮಿಷನ್ ಬೆಣ್ಣೆಯ ಹಾಗೆ ಓಡುತ್ತದೆ. "ನೋಡಿದ್ರಾ?" ಎರಡನೇ ದಿನ ಯಾರದೋ ಸೀರೆಗೆ ಫಾಲ್ ಹಚ್ಚುವಾಗ ಸೂಜಿಯ ಕಂಬದಿಂದ ಇಳಿದ ಹನಿ ಸೆರಗಿನ ನಡುವೆ ದ್ವೀಪವಾಗುತ್ತದೆ. "ಅಕ್ಕಿ ಹಿಟ್ಟು ಹಾಕಿ ಉಜ್ಜಿ, ಹೋಗ್ತದೆ." ಮೂರನೇ ವಾರ ಬಟ್ಟೆಯ ಜುಂಗು ಎಣ್ಣೆಯಲ್ಲಿ ಕಲಸಿ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ಅಡಿಯಲ್ಲಿ ಚಟ್ನಿಯಾಗಿ ಕೂತಿರುತ್ತದೆ, ಹಿತ್ತಾಳೆಯ ಭಾಗ ಹಸಿರು ತಿರುಗಲು ಸುರು. ಮಾವ ಇನ್ನೊಂದು ಚಮಚ ಬಿಡುತ್ತಾರೆ.

ಮಕರದ ಒಂದು ಬೆಳಗ್ಗೆ ಚಕ್ರ ಅಲ್ಲಾಡುವುದಿಲ್ಲ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವ ಸರಕು. ಬಾಟ್ಲಿಯಲ್ಲಿ ಗಟ್ಟಿಯಾದದ್ದು ಮಿಷನಿನೊಳಗೆ ಗಟ್ಟಿಯಾಗದೆ ಇರುತ್ತದೆಯೇ? ಇದನ್ನು ಮಾವನಿಗೆ ಹೇಳಿದರೆ, "ಎಂತ ಮಾರಾಯ್ರೇ, ಚಳಿಗೆ ನನ್ನ ಮಂಡಿಯೇ ಬಗ್ಗುವುದಿಲ್ಲ, ಅದರದ್ದು ಬಗ್ಗುತ್ತದಾ?" ಎನ್ನುತ್ತಾರೆ. ಹೇಳಿ ಸುಮ್ಮನಿರುವುದಿಲ್ಲ. ಇಬ್ಬರನ್ನು ಕರೆದು ಮಿಷನನ್ನು ಎತ್ತಿಸಿ, ಅಂಗಳದಲ್ಲಿ ಒಣಗಲು ಹಾಕಿದ ಅಡಕೆಯ ನಡುವೆ ಬಿಸಿಲಿಗೆ ಇಡಿಸುತ್ತಾರೆ. ದಾರಿಯಲ್ಲಿ ಹೋಗುವವರು "ಇದು ಯಾವ ತಳಿ?" ಎಂದು ಕೇಳಿದರೂ ಮಾವ ಕದಲುವುದಿಲ್ಲ, ಕಾಗೆ ಓಡಿಸುವ ಕೋಲು ಹಿಡಿದು ಪಕ್ಕದಲ್ಲೇ ಕೂರುತ್ತಾರೆ. ಹತ್ತೂವರೆಗೆ ಚಕ್ರ ತಿರುಗುತ್ತದೆ! ಎಣ್ಣೆ ಕರಗಿತು ಎಂದು ಎಷ್ಟು ಹೇಳಿದರೂ ಇನ್ನು ಪ್ರಯೋಜನವಿಲ್ಲ. ಮಾವ ಸೋಲಬೇಕಾಗಿದ್ದ ದಿನವೇ ಎರಡನೇ ಸಲ ಗೆದ್ದಿದ್ದಾರೆ.

ಅಲ್ಲ, ಮಿಷನ್ ಎಣ್ಣೆ ಎಂದೇ ಒಂದು ಬಾಟ್ಲಿ ಸಿಗುತ್ತದೆ, ನೀರಿನಷ್ಟು ತೆಳು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವಲ್ಲಿ ಒಂದು ಹನಿ. ಎರಡಲ್ಲ, ಒಂದು. ಹಾಕಿದ ಮೇಲೆ ಚಿಂದಿಯ ಮೇಲೆ ಒಂದು ನಿಮಿಷ ಓಡಿಸಿ ಒರಸಿದರೆ ಆಯಿತು. ದಿನಾ ಹೊಲಿಯುವ ಮನೆಯಲ್ಲಿ ವಾರಕ್ಕೊಮ್ಮೆ, ಯಾವಾಗಲಾದರೊಮ್ಮೆ ಹೊಲಿಯುವಲ್ಲಿ ತಿಂಗಳಿಗೊಮ್ಮೆ. ಮಾವನ ಚಟ್ನಿ ತೆಗೆಯಬೇಕಾದರೆ ಮೋಟಾರು ಕಳಚಿಟ್ಟು, ಸೀಮೆಎಣ್ಣೆ ಹನಿಸಿ, ಕೈಯಲ್ಲಿ ತಿರುಗಿಸಿ ಕೊಳೆ ಇಳಿಸಿ, ಒರಸಿ, ಆಮೇಲೆ ಮಿಷನ್ ಎಣ್ಣೆ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ.

ಅಷ್ಟಕ್ಕೂ ಮೊದಲ ದಿನದ ಆ ಕಟಕ್ ಎಣ್ಣೆ ಇಲ್ಲದೆ ಬಂದದ್ದೇ ಅಲ್ಲ. ಸೂಜಿ ತಿರುಗುಮುರುಗಾಗಿ ಕೂತಿತ್ತು. ಸೂಜಿಯ ಬುಡದಲ್ಲಿ ಒಂದು ಕಡೆ ಚಪ್ಪಟೆ ಇರುತ್ತದೆ, ಅದರ ಎದುರು ಬದಿಯಲ್ಲಿ ಉದ್ದಕ್ಕೆ ಸಣ್ಣ ಕಾಲುವೆ. ನೂಲು ಸೂಜಿಯ ಕಣ್ಣಿಗೆ ಹೊಗುವ ಬದಿಗೆ ಕಾಲುವೆ ಇರಬೇಕು. ತಪ್ಪಿದರೆ ಹೊಲಿಗೆ ಹಾರುತ್ತದೆ, ನೂಲು ತುಂಡಾಗುತ್ತದೆ, ಮಾವ ಎದ್ದು ಬರುತ್ತಾರೆ. ಹತ್ತು ರೂಪಾಯಿಯ ಆಸುಪಾಸಿನ ಸೂಜಿ. ಎಂಟು ಗಂಟೆ ಹೊಲಿದ ಮೇಲೆ ಬದಲಿಸಬೇಕು ಎಂದರೆ ಮಾತ್ರ ಎಲ್ಲರಿಗೂ ಮಹಾ ದುಂದುವೆಚ್ಚ. ನೂಲಿನ ವಿಷಯದಲ್ಲೂ ಹಾಗೆಯೇ. ಬಟ್ಟೆಯ ಅಡಿಯಲ್ಲಿ ಕಾಗೆಯ ಗೂಡು ಕಟ್ಟಿದರೆ ಎಲ್ಲರೂ ಅಡಿಯ ಬಾಬಿನ್ನಿಗೆ ಬಯ್ಯುತ್ತಾರೆ. ತಪ್ಪು ಮೇಲಿನದ್ದು. ಮೇಲಿನ ನೂಲು ಸಡಿಲವಾದಾಗ ಕೆಳಗಿನದ್ದು ಅದನ್ನು ತನ್ನ ಕಡೆಗೆ ಎಳೆದು ಗುಪ್ಪೆ ಹಾಕುತ್ತದೆ. ಫೂಟನ್ನು ಎತ್ತಿಟ್ಟು ಮೇಲಿನ ನೂಲನ್ನು ಮೊದಲಿನಿಂದ ಪೋಣಿಸಿ; ಫೂಟು ಕೆಳಗಿದ್ದರೆ ನೂಲನ್ನು ಬಿಗಿಹಿಡಿಯುವ ಟೆನ್ಶನ್ನಿನ ಬಿಲ್ಲೆಗಳು ಬಾಯಿ ಮುಚ್ಚಿರುತ್ತವೆ, ನೂಲು ಒಳಗೆ ಕೂರುವುದೇ ಇಲ್ಲ. ಬಾಬಿನ್ ಕೇಸು ಸರಿ ಇದೆಯೇ ಎಂದು ನೋಡಲು ನೂಲು ಹಿಡಿದು ತೂಗಬಿಡಿ: ಹಾಗೇ ನಿಂತು, ಕೈ ಸ್ವಲ್ಪ ಕುಲುಕಿದಾಗ ಒಂದಿಷ್ಟು ಜಾರಿದರೆ ಅದರ ಗೊಡವೆಗೆ ಹೋಗಬೇಡಿ.

ಜಡಿಮಳೆಯ ಆಟಿ ತಿಂಗಳಲ್ಲಿ ಪ್ಲಾಸ್ಟಿಕ್ ಹೊದೆಸಬೇಡಿ, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಹಳೇ ಸೀರೆಯ ತುಂಡು ಸಾಕು.

ಹೊಸತಕ್ಕೆ ದುಡ್ಡಿಲ್ಲದಿದ್ದರೆ ಹಳತು ಎಷ್ಟೋ ಮನೆಗಳಲ್ಲಿ ಇದೆ. ಸೂಜಿಯ ಕಂಬ ಹಿಡಿದು ಅಲ್ಲಾಡಿಸಿ, ಗಡಗಡ ಎಂದರೆ ಬೇಡ. ಚಕ್ರವನ್ನು ಹೆಬ್ಬೆರಳಲ್ಲಿ ತಿರುಗಿಸಿ, ಒಂದೇ ಕಡೆ ಬಿಗಿ ಬಂದರೆ ಬೇಡ. ಚರ್ಮದ ಬೆಲ್ಟು ಸಡಿಲಿದ್ದರೆ ಪರವಾಗಿಲ್ಲ, ಅರ್ಧ ಇಂಚು ಕತ್ತರಿಸಿ ಕೊಂಡಿ ಹಾಕಿದರೆ ಇನ್ನೆರಡು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದ ಹುಡುಗಿಯರಿಗೆಂದು ತಂದ ಮಿಷನ್‌ಗಳು ಅವು. ಹುಡುಗಿಯರು ಬೆಂಗಳೂರಲ್ಲೋ ದುಬಾಯಲ್ಲೋ ಇದ್ದಾರೆ; ಮಿಷನಿನ ಮೇಲೆ ಇಸ್ತ್ರಿಗೆ ಕಾದ ಬಟ್ಟೆಯ ರಾಶಿ. ಕತ್ತಿನ ಮೇಲಿನ ಬಂಗಾರದ ಬಳ್ಳಿ ಅಂಗೈ ಉಜ್ಜಿ ಉಜ್ಜಿ ಅಳಿಸಿದೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕೇಳುತ್ತಿದ್ದ ಆ ಟಕಟಕ ಈಗ ಯಾರ ಮನೆಯಿಂದಲೂ ಕೇಳುವುದಿಲ್ಲ. ಡ್ರಾಯರ್ ಎಳೆದರೆ ಜೋಡಿಯಿಲ್ಲದ ಗುಬ್ಬಿಗಳು, ಮೊಂಡು ಸೀಮೆಸುಣ್ಣ, ಒಂದು ಬಾಬಿನ್ನು. ಬಾಬಿನ್ನಿನಲ್ಲಿ ಶಾಲೆಯ ಯೂನಿಫಾರ್ಮಿನ ನೀಲಿ ನೂಲು ಇನ್ನೂ ಅರ್ಧ ಉಳಿದಿದೆ.

ನೈಟಿ ಮೆರೂನ್ ಬಣ್ಣದ್ದು. ಇರಲಿ, ಕಂಕುಳು ತಾನೆ, ಯಾರು ನೋಡುತ್ತಾರೆ.