ನಗಿಸಿದ್ರೆ ಓಕೆ, ಸಂಸಾರ ಮಾಡಿದ್ರೆ ಬೇಡ್ವಾ?

ಮಕ್ಕಳ ಸಿನಿಮಾದಲ್ಲಿ ಗೇ ಪಾತ್ರ ಯಾಕೆ ಅಂತ ಕೇಳ್ತಾರಲ್ಲ, ಇಷ್ಟು ವರ್ಷ ಮಕ್ಕಳು ನೋಡ್ಲೇ ಇಲ್ವಾ ಹಾಗಾದ್ರೆ? ಹಿಂದಿ ಸಿನಿಮಾದಲ್ಲಿ ಕೈ ಬಳುಕಿಸ್ಕೊಂಡು ಬರೋ ಫ್ಯಾಷನ್ ಡಿಸೈನರ್, ಕನ್ನಡ ಕಾಮಿಡೀಲಿ ಹೀರೋ ಮೈಮೇಲೆ ಬೀಳೋ ಹೆಣ್ಣಿಗ, ಎಲ್ಲ ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡೇ ನೋಡಿದ್ದು ನಾವು. 2003ರಲ್ಲಿ 'ಕಲ್ ಹೋ ನಾ ಹೋ' ಬಂದಾಗ ಇಬ್ರು ಹೀರೋಗಳನ್ನ ಜೋಡಿ ಅಂತ ತಪ್ಪು ತಿಳ್ಕೊಂಡು ಮನೆಕೆಲಸದ ಕಾಂತಾಬೆನ್ ಗಾಬರಿ ಬೀಳೋದು ನೋಡಿ ಥಿಯೇಟರಿಗೆ ಥಿಯೇಟರೇ ನಕ್ಕಿತ್ತು. ಮಕ್ಕಳು ಹಾಳಾಗ್ತಾವೆ ಅಂತ ನಮ್ಮ ಸಾಲಲ್ಲಿ ಒಬ್ರೂ ಎದ್ದು ಹೋಗ್ಲಿಲ್ಲ. ಡಿಸ್ನಿಯವರ 1989ರ 'ದ ಲಿಟಲ್ ಮರ್ಮೇಡ್' ತಗೊಳ್ಳಿ, ಅದ್ರಲ್ಲಿರೋ ಮಾಟಗಾತಿ ಅರ್ಸುಲಾನ್ನ ಡಿವೈನ್ ಅನ್ನೋ ಡ್ರ್ಯಾಗ್ ಕಲಾವಿದನ್ನ, ಅಂದ್ರೆ ಹೆಂಗಸಿನ ವೇಷ ಹಾಕಿ ಆಡೋ ಗಂಡಸನ್ನ, ನೋಡಿ ಚಿತ್ರ ಬರೆದದ್ದು. ಜೋಕ್ ಆಗಿದ್ರೆ ನಡೀತದೆ, ವಿಲನ್ ಆಗಿದ್ರೂ ನಡೀತದೆ. ಅದೇ ಡಿಸ್ನಿಯವರ 2022ರ ಕಾರ್ಟೂನ್ ಸಿನಿಮಾ 'ಲೈಟ್‌ಇಯರ್'ನಲ್ಲಿ ಅಲಿಶಾ ಅನ್ನೋಳು ಇನ್ನೊಬ್ಬ ಹೆಂಗಸನ್ನ ಮದುವೆ ಆಗಿ, ಮಗು ಸಾಕಿ, ಮುದುಕಿ ಆಗ್ತಾಳೆ, ನಡುವೆ ಕಣ್ಣು ಮಿಟುಕಿಸೋದ್ರೊಳಗೆ ಒಂದು ಮುತ್ತು, ಅಷ್ಟಕ್ಕೇ ಸೌದಿ, ಯುಎಇ, ಮಲೇಷ್ಯಾದಲ್ಲೆಲ್ಲ ಬ್ಯಾನ್.

ಹಾಗಂತ ಡಿಸ್ನಿಯವರೇನು ದೊಡ್ಡ ಸಾಚಾಗಳಲ್ಲ. ಆ ಮುತ್ತನ್ನ ಅವರೇ ಮೊದ್ಲು ಕತ್ತರಿಸಿದ್ರು, ಶಾಲೆಯ ಸಣ್ಣ ಕ್ಲಾಸಲ್ಲಿ ಇಂಥ ವಿಷ್ಯ ಪಾಠ ಮಾಡಬಾರದು ಅನ್ನೋ ಅಮೆರಿಕದ ಫ್ಲಾರಿಡಾದ ಕಾನೂನಿನ ಗಲಾಟೆ ಟೈಮಲ್ಲಿ ಡಿಸ್ನಿಯ ಕಾರ್ಟೂನ್ ಕಂಪನಿ ಪಿಕ್ಸರ್‌ನ ನೌಕರರು ತಿರುಗಿ ಬಿದ್ದ ಮೇಲೆ ವಾಪಸ್ ಸೇರಿಸಿದ್ದು. 2020ರ 'ಆನ್‌ವರ್ಡ್'ನಲ್ಲಂತೂ ಒಬ್ಬ ಲೇಡಿ ಪೊಲೀಸ್ ತನ್ನ ಗರ್ಲ್‌ಫ್ರೆಂಡಿನ ಮಗಳ ಬಗ್ಗೆ ಒಂದೇ ಒಂದು ಡೈಲಾಗ್ ಹೇಳೋದು, ರಷ್ಯಾದ ಡಬ್ಬಿಂಗಲ್ಲಿ ಗರ್ಲ್‌ಫ್ರೆಂಡ್ ಹೋಗಿ ಪಾರ್ಟ್‌ನರ್ ಆಯ್ತು, ಕಥೆಗೆ ಕೂದಲು ಕೊಂಕಲಿಲ್ಲ. ಇಂಥ ಪಾತ್ರಕ್ಕೆ ಡಂಗುರ ಬೇರೆ! ಇದು ನಂಗೂ ಸಿಟ್ಟೇ.

ಈಗ ಇದೆಲ್ಲ ಯಾಕೆ ಬರೀತಿದ್ದೇನೆ ಅಂದ್ರೆ, ಮುಂಬಯಿ ಹತ್ರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಕೆಲವ್ರು ಸೇರಿ ರಜೆಯಲ್ಲಿ ಮಕ್ಕಳಿಗೆ ಸಿನಿಮಾ ತೋರಿಸೋಣ ಅಂತ ಹೊರಟಿದ್ದೇವೆ, ಲಿಸ್ಟ್ ಮಾಡುವಾಗ್ಲೇ ಜಗಳ. ಒಬ್ರು ಅಣ್ಣ, ಒಳ್ಳೆ ಮನುಷ್ಯರೇ, "ಸಣ್ಣ ಮಕ್ಕಳಿಗೆ ಇದೆಲ್ಲ ಎಂತಕ್ಕೆ ಮಾರಾಯ್ರೆ, ಮನೆಗೆ ಬಂದು ಕೇಳಿದ್ರೆ ಎಂತ ಹೇಳೂದು?" ಅಂದ್ರು. "ಅವರಿಬ್ರು ಒಟ್ಟಿಗೆ ಸಂಸಾರ ಮಾಡ್ತಾರೆ ಅಂತ ಹೇಳಿ ಅಣ್ಣ" ಅಂದೆ. ಅಷ್ಟು ಸಾಕು ಮಕ್ಕಳಿಗೆ, ಆಮೇಲೆ ಪಾಪ್‌ಕಾರ್ನ್ ಕೇಳ್ತಾವೆ. ರಾಜಕುಮಾರ ಬಂದು ನಿದ್ದೆಯಲ್ಲಿರೋ ಹುಡುಗಿಗೆ ಮುತ್ತು ಕೊಟ್ಟಾಗ ಎಂತ ಹೇಳೂದು ಅಂತ ಯಾರೂ ತಲೆ ಕೆಡಿಸ್ಕೊಂಡದ್ದಿಲ್ಲ.

ನಮ್ಮ ಪುರಾಣದಲ್ಲೇ ಎಲ್ಲ ಉಂಟು ಅನ್ನೋ ವಾದ ನಂಗೆ ಅಷ್ಟು ಹಿಡಿಸಲ್ಲ. ವಿಷ್ಣು ಮೋಹಿನಿ ಆಗೋದು ಬೇರೆ, ಪಕ್ಕದ ಬಿಲ್ಡಿಂಗಲ್ಲಿ ಇಬ್ರು ಗಂಡಸರು ಜೋಡಿಯಾಗಿ ಇರೋದು ಬೇರೆ. ಆದ್ರೂ ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳದವ್ರು ಮುಂಬಯಿಗೆ ಬಂದು ಭಸ್ಮಾಸುರ ಮೋಹಿನಿ ಆಡುವಾಗ ಮಕ್ಕಳನ್ನ ನೋಡಿ. ಒಬ್ಬ ಗಂಡಸು ಸೀರೆ ಉಟ್ಟು ಕುಣೀತಾನೆ, ಇನ್ನೊಬ್ಬ ಗಂಡಸು ಅವನ ಹಿಂದೆ ಬೀಳ್ತಾನೆ, ಮುಂದಿನ ಸಾಲಲ್ಲಿ ಕೂತ ಪುಟಾಣಿಗಳಿಗೆ ಒಂಚೂರೂ ಗೊಂದಲ ಇಲ್ಲ, ಭಸ್ಮಾಸುರ ಯಾವಾಗ ತಲೆ ಮೇಲೆ ಕೈ ಇಟ್ಕೊಳ್ತಾನೆ ಅಂತ ಕಾಯ್ತಾ ಇರ್ತಾವೆ.

ಗೊಂದಲ ಎಲ್ಲಿ ಶುರು ಆಗೋದು ಗೊತ್ತುಂಟಾ? ನಮ್ಮ ಸೊಸೈಟಿ ಕಂಪೌಂಡಲ್ಲಿ. ಸಂಜೆ ಕ್ರಿಕೆಟ್ ಆಡುವಾಗ ಒಬ್ಬ ಹುಡುಗ, ಒಂಬತ್ತು ಹತ್ತು ವರ್ಷ ಇರಬಹುದು, ಸ್ವಲ್ಪ ಮೆತ್ತಗೆ ಮಾತಾಡ್ತಾನೆ, ಕ್ಯಾಚ್ ಬಿಟ್ಟ ಅಂದ್ರೆ ಸಾಕು ಎಲ್ರೂ ಸೇರಿ "ಬಾಯಲ್ಯಾ, ಬಾಯಲ್ಯಾ", ಮರಾಠಿಯಲ್ಲಿ ಹೆಣ್ಣಿಗ ಅಂತ. ಅವನು ಈಗ ಆಡೋಕೇ ಬರಲ್ಲ, ವಾಚ್‌ಮನ್ ಪಕ್ಕ ಕುರ್ಚಿ ಹಾಕ್ಕೊಂಡು ಸ್ಕೋರ್ ಬರೀತಾನೆ. ಅವನು ಮುಂದೆ ಏನಾಗ್ತಾನೋ ನಂಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಆದ್ರೆ ಆ ಬೈಗುಳನ ಹುಡುಗ್ರಿಗೆ ಪಿಕ್ಸರ್‌ನವ್ರು ಕಲಿಸಿದ್ದಲ್ಲ.

2018ರಲ್ಲಿ ಸುಪ್ರೀಂ ಕೋರ್ಟು ದಂಡ ಸಂಹಿತೆಯ 377ನೇ ಸೆಕ್ಷನ್ ವಿಷ್ಯದಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಹೇಳಿ ಆಯ್ತು, 2023ರಲ್ಲಿ ಇಂಥ ಜೋಡಿಗಳಿಗೆ ಮದುವೆ ಹಕ್ಕು ಮಾತ್ರ ಕೊಡ್ಲಿಲ್ಲ. ಇದೇ ಮುಂಬಯಿಯಲ್ಲಿ 2010ರಿಂದ ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳ ಕುರಿತ ಸಿನಿಮಾಗಳ ಕಶಿಶ್ ಫಿಲ್ಮ್ ಫೆಸ್ಟಿವಲ್ ನಡೀತಾ ಇದೆ. ಅದು ದೊಡ್ಡವರಿಗೆ, ಸರಿ. ಮಕ್ಕಳಿಗೆ ನಾನು ಹೆಸರು ಕೊಟ್ಟಿದ್ದು 2021ರ 'ದ ಮಿಚೆಲ್ಸ್ ವರ್ಸಸ್ ದ ಮಷೀನ್ಸ್'. ರೋಬೋಟ್‌ಗಳು ಲೋಕಕ್ಕೆ ಮುತ್ತಿಗೆ ಹಾಕ್ತವೆ, ಒಂದು ಪೆದ್ದು ನಾಯಿ ಉಂಟು, ಅಪ್ಪ ಮಗಳ ಜಗಳ ಥೇಟ್ ನಮ್ಮನೆ ಥರಾನೇ, ಕೊನೆಗೆ ಅಮ್ಮ ಮಗಳಿಗೆ ಜೇಡ್‌ನ ಹಬ್ಬಕ್ಕೆ ಮನೆಗೆ ಕರ್ಕೊಂಡ್ ಬರ್ತೀಯಾ ಅಂತ ಕೇಳ್ತಾಳೆ. ಜೇಡ್ ಒಬ್ಳು ಹುಡುಗಿ. ಅಣ್ಣ ಇನ್ನೂ ಹೂಂ ಅಂದಿಲ್ಲ, ಮೊದ್ಲು ನಾನು ನೋಡ್ತೇನೆ ಅಂತ ಲಿಂಕ್ ತಗೊಂಡಿದ್ದಾರೆ.