ಕಾರ್ಥೇಜಿನ ಹೊಲಗಳಿಗೆ ರೋಮನ್ನರು ಉಪ್ಪು ಸುರಿಯಲಿಲ್ಲ

ಕ್ರಿ.ಪೂ. 146ರಲ್ಲಿ, ಉತ್ತರ ಆಫ್ರಿಕಾದ ಈಗಿನ ಟ್ಯುನೀಷಿಯಾದಲ್ಲಿದ್ದ ಕಾರ್ಥೇಜ್ ಪಟ್ಟಣವನ್ನು ಗೆದ್ದ ರೋಮನ್ನರು, ಅಲ್ಲಿ ಹುಲ್ಲೂ ಹುಟ್ಟಬಾರದೆಂದು ಮಣ್ಣಿಗೆ ಉಪ್ಪು ಸುರಿದರು ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಇದು ನಿಜವಲ್ಲ.

ಪಟ್ಟಣ ಬಿದ್ದಾಗ ಇತಿಹಾಸಕಾರ ಪೊಲಿಬಿಯಸ್ ಅಲ್ಲೇ ಇದ್ದ. ಅವನ ಬರಹದಲ್ಲಿ ಉಳಿದಿರುವ ಭಾಗಗಳಲ್ಲಾಗಲಿ, ಆಮೇಲೆ ಬರೆದ ಅಪ್ಪಿಯನ್‌ನ ಪುಸ್ತಕದಲ್ಲಾಗಲಿ ಉಪ್ಪಿನ ಮಾತೇ ಇಲ್ಲ. ಬೈಬಲ್ಲಿನಲ್ಲಿ ಶೆಕೆಮ್ ಪಟ್ಟಣಕ್ಕೆ ಉಪ್ಪು ಎರಚಿದ ಕಥೆಯಿದೆ. ಬಹುಶಃ ಅದೇ ಇಲ್ಲಿ ಬಂದು ಸೇರಿಕೊಂಡಿದೆ.

ಹಾಗಂತ ರೋಮನ್ನರು ಕರುಣೆ ತೋರಿದರು ಅಂತಲ್ಲ. ಪಟ್ಟಣ ಸುಟ್ಟರು, ಬದುಕುಳಿದವರನ್ನು ಗುಲಾಮರಾಗಿ ಮಾರಿದರು. ಮುಂದೆ ರೋಮ್ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಅಲ್ಲೇ ಹೊಸ ಊರು ಕಟ್ಟುವಾಗ ಹಳೆಯ ಪಟ್ಟಣದ ಬಿರ್ಸಾ ಗುಡ್ಡದ ನೆತ್ತಿಯನ್ನೇ ಕಡಿದು ಸಮ ಮಾಡಿದರು. ಆ ಮಣ್ಣು ಇಳಿಜಾರಿನಲ್ಲಿದ್ದ ಹಳೆಯ ಮನೆಗಳನ್ನು ಮುಚ್ಚಿತು. ಹೂತುಹೋದ ಆ ಗೋಡೆಗಳು, ನೀರಿನ ತೊಟ್ಟಿಗಳು ಉತ್ಖನನದಲ್ಲಿ ಸಿಕ್ಕಿವೆ. ನೋಡಿದರೆ ಸಂಕಟವಾಗುತ್ತದೆ.

ಹೊಲಗಳ ಕಥೆ ಇನ್ನೂ ಸ್ಪಷ್ಟ. ಟ್ಯುನೀಷಿಯಾದ ಮೇಲಿಂದ ತೆಗೆದ ಫೋಟೊಗಳಲ್ಲಿ ಸುಮಾರು 710 ಮೀಟರ್ ಬದಿಯ ಚೌಕಗಳ ಗೆರೆ ಈಗಲೂ ಕಾಣುತ್ತದೆ. ಅವು ರೋಮನ್ನರು ಅಳೆದು ಹಂಚಿದ ಜಮೀನು. ಹಾಳು ಮಾಡಿದ ನೆಲವನ್ನು ಯಾರಾದರೂ ಇಷ್ಟು ಜೋಪಾನವಾಗಿ ಅಳೆಯುತ್ತಾರಾ? ಅವರಿಗೆ ಬೇಕಿದ್ದದ್ದು ಬೆಳೆ. ಮುಂದೆ ರೋಮ್ ನಗರ ತಿಂದ ಗೋಧಿಯಲ್ಲಿ ದೊಡ್ಡ ಪಾಲು ಈ ಆಫ್ರಿಕಾ ಪ್ರಾಂತ್ಯದಿಂದಲೇ ಹಡಗೇರಿ ಹೋಗುತ್ತಿತ್ತು.