ಎಲುಬಿನ ವಿಭಾಗಕ್ಕೆ ಸುಸ್ವಾಗತ

ನಮ್ಮ ಕಾಕಾ ಸೇಡಂ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಭುಜದ ಕೀಲು ತಪ್ಪಿಸಿಕೊಂಡಾಗ ರಾತ್ರಿ ಹನ್ನೊಂದಾಗಿತ್ತು. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಗೆ ಒಯ್ದೆವು. ಹೆಸರು ಬೇಡ, ಮತ್ತೆ ಬಿದ್ದರೆ ಅಲ್ಲಿಗೇ ಹೋಗಬೇಕು. ಆರ್ಥೋಪೆಡಿಕ್ಸ್‌ನಲ್ಲಿ ಪಿಜಿ ಮಾಡುತ್ತಿರುವ ವೈದ್ಯೆಯೊಬ್ಬರು ಬಂದು, ಭುಜ ಮುಟ್ಟಿ ನೋಡಿ, ಬೆರಳು ಆಡಿಸಲು ಹೇಳಿ, ಎಕ್ಸ್‌ರೇಗೆ ಚೀಟಿ ಬರೆದರು.

"ಏನವ್ವ, ಡಾಕ್ಟರ್ ಸಾಹೇಬ್ರು ಎಲ್ಲಿ ಹೋಗ್ಯಾರ?" ಎಂದ ಕಾಕಾ.

"ನಾನೇ ಡಾಕ್ಟರ್ ರೀ."

"ಅದು ಖರೆ ಅದ. ನಾ ಎಲುಬಿನ ಡಾಕ್ಟರ್ ಕೇಳಕತ್ತೀನಿ."

"ಎಲುಬಿನ ಡಾಕ್ಟರೇ ರೀ."

ಕಾಕಾ ನನ್ನ ಕಡೆ ತಿರುಗಿದ. ಜಿಲ್ಲಾಧಿಕಾರಿಗೆ ಫೋನ್ ಹಚ್ಚು ಎನ್ನುವ ನೋಟ.

ಕಾಕಾ ಒಬ್ಬನನ್ನೇ ಅಂದು ಏನು ಬಂತು? ಇದೇ ವಿಭಾಗದವರು ಮಾರ್ಚ್ 8ಕ್ಕೆ ಮಹಿಳಾ ದಿನ ಮಾಡಿದ್ದರು. ಮುಖ್ಯ ಅತಿಥಿ ನಾನು. ಮಹಿಳಾ ದಿನಕ್ಕೆ ಗಂಡಸು ಯಾಕ್ರೀ ಎಂದು ಕೇಳಿದರೆ, "ವಿಭಾಗದಾಗ ಮೇಡಂ ಒಬ್ರೇ ಅದಾರ್ರಿ, ಅವರಿಗೆ ಇವತ್ತು ಡ್ಯೂಟಿ ಹಾಕೀವಿ" ಎಂದರು. ಮೇಡಂಗೆ ಮೀಸಲಾಗಿದ್ದ ಗುಲಾಬಿಯನ್ನು ಆಪರೇಷನ್ ಥಿಯೇಟರಿಗೆ ಕಳಿಸಿದರು. ಹಾರ, ಶಾಲು, ಹಣ್ಣಿನ ಬುಟ್ಟಿ ನನಗೆ ಬಂದವು. ಸಂಕೋಚವಾಯಿತು, ಆದರೂ ತಗೊಂಡೆ.

ಅಂದಿನ ಭಾಷಣದ ಒಂದು ಮಾತು ಇನ್ನೂ ನೆನಪಿದೆ: "ನಮ್ಮ ವಿಭಾಗದ ಬಾಗಿಲು ಹೆಣ್ಣುಮಕ್ಕಳಿಗೆ ಸದಾ ತೆರೆದಿರುತ್ತದೆ." ನೂರಕ್ಕೆ ನೂರು ನಿಜ. ಡ್ಯೂಟಿ ರೂಮಿನ ಚಿಲಕ ಕಿತ್ತುಹೋಗಿ ಎರಡು ವರ್ಷವಾಗಿದೆಯಂತೆ. ಮೂರು ಸಲ ಅರ್ಜಿ ಹೋಗಿದೆ. ದಿನಾ ಜನರ ಎಲುಬಿಗೆ ಡಜನ್ನುಗಟ್ಟಲೆ ಸ್ಕ್ರೂ ಬಿಗಿಯುವ ವಿಭಾಗಕ್ಕೆ ಚಿಲಕಕ್ಕೆಂದು ನಾಲ್ಕು ಸ್ಕ್ರೂ ಸಿಕ್ಕಿಲ್ಲ.

ಚಿಲಕಕ್ಕಿಂತ ಅಗ್ಗದ ಉಪಾಯವೂ ಇದೆ ಅನ್ನಿ. 2024ರಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯೆಯ ಕೊಲೆಯಾದ ಮೇಲೆ, ಸಾಧ್ಯವಾದಷ್ಟು ಮಟ್ಟಿಗೆ ಹೆಂಗಸರಿಗೆ ರಾತ್ರಿ ಪಾಳಿಯೇ ಬೇಡ ಎಂದಿತು ಅಲ್ಲಿನ ಸರ್ಕಾರ. ರಕ್ಷಣೆ ಕೊಡುವುದು ನಿಮ್ಮ ಕೆಲಸ, ರಾತ್ರಿ ದುಡಿಯಬೇಡಿ ಎನ್ನುವುದಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಳ್ಳ ಬರುತ್ತಾನೆಂದು ಮನೆಯವರನ್ನೇ ಹೊರಗೆ ಕಳಿಸುವ ಈ ಜಾಣತನ ನಮ್ಮಲ್ಲೂ ಬೇಕಾದಷ್ಟಿದೆ.

ಇನ್ನು ಉಪಚಾರ. ವೈದ್ಯೆಯ ಕೈಗೆ ಬೇಕಾದದ್ದು ಆರೂವರೆ ಸೈಜಿನ ಗ್ಲೌಸ್, ಸ್ಟೋರಿನಲ್ಲಿ ಇರುವುದೆಲ್ಲ ಏಳೂವರೆ. ಹಾಕಿಕೊಂಡರೆ ಬೆರಳ ತುದಿಯಲ್ಲಿ ರಬ್ಬರು ಜೋತುಬಿದ್ದು, ದಾರ ಕಟ್ಟುವಾಗ ಗಂಟಿನೊಳಗೆ ತಾನೂ ಸೇರಿಕೊಳ್ಳುತ್ತದೆ. ಸಿ-ಆರ್ಮ್ ಎಕ್ಸ್‌ರೇ ಹಚ್ಚಿದಾಗ ತೊಡುವ ಸೀಸದ ಏಪ್ರನ್ನಿಗೆ ಒಂದೇ ಅಳತೆ, ಆರಡಿ ಗಂಡಸಿನದು. ಆಕೆಗೆ ಅದು ಪಾದ ಮುಟ್ಟುತ್ತದೆ, ಕಂಕುಳ ಹತ್ತಿರ ಮಾತ್ರ ಕಿಟಕಿಯಂತೆ ಬಾಯಿ ತೆರೆದು, ಎದೆಯ ಪಕ್ಕಕ್ಕೆ ಕಿರಣ ಸಲೀಸಾಗಿ ಬರಲಿ ಎಂದು ದಾರಿ ಬಿಡುತ್ತದೆ. ಐದಾರು ಕಿಲೋದ ಈ ಸೀಸ ಹೊತ್ತು ನಮ್ಮ ಮೇ ತಿಂಗಳಲ್ಲಿ, ಎ.ಸಿ. ಕೆಟ್ಟ ದಿನ, ಎರಡು ತಾಸು ನಿಲ್ಲಬೇಕು. ನಿಲ್ಲುವುದೂ ಸ್ಟೂಲಿನ ಮೇಲೆ, ಏಕೆಂದರೆ ಟೇಬಲ್ಲಿನ ಎತ್ತರವೂ ಅದೇ ಆರಡಿಯವನದು.

ಇಷ್ಟಾದ ಮೇಲೆ ಯಾರಾದರೂ ಕನಿಕರದಿಂದ ಬುದ್ಧಿ ಹೇಳುತ್ತಾರೆ: "ಆರ್ಥೋ ಅಂದ್ರ ತಾಕತ್ತಿನ ಕೆಲಸ. ಹೆಣ್ಣುಮಕ್ಳಿಗೆ ಗೈನಿಕ್ ಆರಾಮ."

ಆರಾಮವಂತೆ! ರಾತ್ರಿ ಮೂರಕ್ಕೆ ಎದ್ದು ಫೋರ್ಸೆಪ್ಸ್ ಹಾಕಿ ಮಗು ಎಳೆದು, ಬೆನ್ನಿಗೇ ಇನ್ನೊಂದು ಸಿಸೇರಿಯನ್ನಿಗೆ ಓಡುವುದು ಆರಾಮ. ಹೆರಿಗೆ ವಾರ್ಡಿನಲ್ಲಿ ಹೆಣ್ಣಿನ ತೋಳಿಗೆ ತುಂಬಿ ತುಳುಕುವ ತಾಕತ್ತು ಎರಡು ಕಾರಿಡಾರ್ ಆಚೆ ಎಲುಬಿನ ವಿಭಾಗದ ಹೊಸ್ತಿಲು ದಾಟಿದೊಡನೆ ಹೇಗೆ ಇಳಿದುಹೋಗುತ್ತದೋ ವೈದ್ಯಶಾಸ್ತ್ರವೇ ಹೇಳಬೇಕು. ನಿತ್ಯ ಬೆಳಿಗ್ಗೆ ಮೂವತ್ತು ಜೋಳದ ರೊಟ್ಟಿ ಬಡಿಯುವ ಹೆಂಗಸರ ಊರಿನಲ್ಲಿ ಕೂತು, ಆ ರೊಟ್ಟಿಯನ್ನೇ ತಿನ್ನುತ್ತ, ಹೆಣ್ಣಿನ ರಟ್ಟೆಯಲ್ಲಿ ಕಸುವಿಲ್ಲ ಎನ್ನುವುದಕ್ಕೆ ನಿಜಕ್ಕೂ ಧೈರ್ಯ ಬೇಕು. ಎಲುಬು ಕೊರೆಯುವುದು ಬ್ಯಾಟರಿಯ ಡ್ರಿಲ್. ಮುರಿದ ತೊಡೆಯನ್ನು ಎಳೆದು ಹಿಡಿಯುವುದು ಫ್ರ್ಯಾಕ್ಚರ್ ಟೇಬಲ್. ಸರ್ಜನ್ ಎಳೆಯಬೇಕಾದದ್ದು ಅಂಗರಚನೆಯ ನೆನಪನ್ನು.

ತಲೆಬುರುಡೆ ತೆರೆದು ಮಿದುಳಿಗೆ ಕೈಹಾಕುವ ನ್ಯೂರೊಸರ್ಜರಿಯಲ್ಲಿ ಮದ್ರಾಸಿನ ಡಾ. ಟಿ.ಎಸ್. ಕನಕ 1968ರಲ್ಲೇ ಎಂ.ಸಿಎಚ್. ಎಂಬ ಉನ್ನತ ಸರ್ಜರಿ ಪದವಿ ಪಡೆದಿದ್ದರು. ಮಂಡಿಚಿಪ್ಪು ಅದಕ್ಕಿಂತ ಸೂಕ್ಷ್ಮವೇನೋ. ಇದು ನಮ್ಮೂರೊಂದರ ರೋಗವೂ ಅಲ್ಲ. ಅಮೆರಿಕದಲ್ಲಿ ಕೂಡ ನೂರು ಎಲುಬಿನ ಸರ್ಜನ್ನರಲ್ಲಿ ಹೆಂಗಸರು ಹತ್ತು ಮಂದಿ ಇಲ್ಲ. 1870ರ ನವೆಂಬರ್ 18ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅನಾಟಮಿ ಪರೀಕ್ಷೆಗೆ ಬಂದ ವಿದ್ಯಾರ್ಥಿನಿಯರಿಗೆ ಗಂಡುಹುಡುಗರು ಕೆಸರು ಎರಚಿ ಸರ್ಜನ್ಸ್ ಹಾಲ್‌ನ ಗೇಟು ಬಡಿದರು. ಅವರು ಹೇಗೋ ಒಳಹೊಕ್ಕು ಕೂತ ಮೇಲೆ ಒಂದು ಕುರಿಯನ್ನು ಒಳಗೆ ನುಗ್ಗಿಸಿದರು. ಇರಲಿ ಬಿಡಿ, ಕಳಿಸಿದವರಿಗಿಂತ ಅದಕ್ಕೆ ಬುದ್ಧಿ ಹೆಚ್ಚಿದೆ ಎಂದರಂತೆ ಮೇಷ್ಟರು. ಛೆ, ಎಂಥ ಅನಾಗರಿಕರು! ನಾವು ಕೆಸರು ಎರಚುವುದಿಲ್ಲ, ಗುಲಾಬಿ ಕಳಿಸುತ್ತೇವೆ.

ಕಾಕಾನ ಕಥೆಗೆ ಬರೋಣ. ಎಕ್ಸ್‌ರೇ ಬಂತು. ಇಬ್ಬರು ಪೈಲ್ವಾನರು ಬಂದು ಒಬ್ಬ ಹಿಡಿದು ಇನ್ನೊಬ್ಬ ಜಗ್ಗುತ್ತಾನೆ ಎಂದು ಕಾಕಾ ಹಲ್ಲು ಕಚ್ಚಿ ಕಾಯುತ್ತಿದ್ದ. ವೈದ್ಯೆ ನೋವಿಗೆ ಇಂಜೆಕ್ಷನ್ ಕೊಟ್ಟು, ಅವನನ್ನು ಬೋರಲು ಮಲಗಿಸಿ, ತೋಳನ್ನು ಟೇಬಲ್ಲಿನಿಂದ ಕೆಳಗೆ ಇಳಿಬಿಡಿಸಿದರು. ಮಣಿಕಟ್ಟಿಗೆ ಐದು ಕಿಲೋ ತೂಕ ಕಟ್ಟಲು ವಾರ್ಡ್ ಬಾಯ್‌ಗೆ ತೋರಿಸಿಕೊಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಸ್ಟಿಮ್ಸನ್ ವಿಧಾನ ಅಂತಾರೆ ಇದಕ್ಕೆ. ಸ್ನಾಯು ದಣಿದು ಸಡಿಲಾಗುತ್ತದೆ, ಉಳಿದದ್ದನ್ನು ಭೂಮಿಯೇ ಎಳೆದುಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೆ ಟಕ್ ಎಂದು ಕೀಲು ಕೂತಿತು. ಮತ್ತೊಂದು ಎಕ್ಸ್‌ರೇ ತೆಗೆಸಿ, ಕೈಗೆ ಜೋಳಿಗೆ ಕಟ್ಟಿ, ಯಾವಾಗ ಬರಬೇಕೆಂದು ಬರೆದುಕೊಟ್ಟರು.

ಹೊರಡುವಾಗ ಕಾಕಾ ಎಡಗೈಯಿಂದ ಜೇಬು ತಡಕಿ ವಾರ್ಡ್ ಬಾಯ್‌ಗೆ ನೂರರ ನೋಟು ಕೊಟ್ಟ. "ಏನ್ ಕೈಗುಣ ಅದನೋ ತಮ್ಮ ನಿಂದು!" ಆಮೇಲೆ ವೈದ್ಯೆಯ ತಲೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಮನಸಾರೆ ಹರಸಿದ:

"ಛಲೋ ಓದವ್ವ. ಮುಂದ ನೀನೂ ಡಾಕ್ಟರ್ ಆಗ್ತಿ."